ಲಕ್ಷಗಟ್ಟಲೆ ಉದ್ಯೋಗ ಹೆಚ್ಚಿತಂತೆ, ನನಗೇಕೆ ಒಂದು ಫೋನೂ ಇಲ್ಲ?

ಡಲ್ಲಾಸ್‌ನಲ್ಲಿ ಎಂಎಸ್ ಮುಗಿಸಿ ಓಪಿಟಿಯಲ್ಲಿರುವ (ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ಸ್ವಲ್ಪ ಕಾಲ ಇಲ್ಲೇ ಕೆಲಸ ಮಾಡಲು ಕೊಡುವ ಅನುಮತಿ) ದಾವಣಗೆರೆ ಕಡೆಯ ಹುಡುಗರೊಬ್ಬರು ಕೇಳಿದ್ದಾರೆ: “ಅಮೆರಿಕದಲ್ಲಿ ಈ ತಿಂಗಳು ಇಷ್ಟು ಉದ್ಯೋಗ ಹೆಚ್ಚಾಯಿತು ಅಂತ ಸುದ್ದಿ ಬರ್ತಾನೇ ಇರುತ್ತೆ. ನೂರಾರು ಅರ್ಜಿ ಹಾಕಿದರೂ ನನಗೆ ಒಂದು ಫೋನ್ ಬಂದಿಲ್ಲ. ಇಲ್ಲಿನ ಆರ್ಥಿಕತೆ ಚೆನ್ನಾಗಿದೆಯೋ ಇಲ್ಲವೋ? ಇರಲೋ, ಊರಿಗೆ ಹೊರಡಲೋ?”

ಇರುವುದೋ ಹೊರಡುವುದೋ ನಿಮ್ಮ ಸಾಲ, ನಿಮ್ಮ ಮನೆ ಪರಿಸ್ಥಿತಿಗೆ ಬಿಟ್ಟಿದ್ದು. ಅದನ್ನು ನಾನು ಹೇಳಲಾರೆ. ಆ ಅಂಕಿಯ ವಿಷಯ ಹೇಳಬಲ್ಲೆ. 2008ರ ಆರ್ಥಿಕ ಕುಸಿತಕ್ಕೆ ಮುಂಚೆ ಇಲ್ಲಿಗೆ ಬಂದವನು ನಾನು. ಶುಕ್ರವಾರ ಬೆಳಿಗ್ಗೆ ಅದನ್ನು ನೋಡಿ ಬೀಗಿದವರನ್ನೂ ಕಂಡಿದ್ದೇನೆ, ನಿದ್ದೆಗೆಟ್ಟವರನ್ನೂ ಕಂಡಿದ್ದೇನೆ. ನಿಮ್ಮ ಕೆಲಸದ ಹುಡುಕಾಟಕ್ಕೆ ಅದರ ಮೊದಲ ಸಾಲು ಹೆಚ್ಚುಕಡಿಮೆ ಪ್ರಯೋಜನವಿಲ್ಲ. ಒಳಗಿನ ಸಾಲುಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಸುದ್ದಿಯಲ್ಲಿ ಬರುವುದು ‘ನಾನ್‌ಫಾರ್ಮ್ ಪೇರೋಲ್’ ಸಂಖ್ಯೆ, ಅಂದರೆ ಕೃಷಿ ಬಿಟ್ಟು ಉಳಿದ ಕಡೆ ಸಂಬಳಕ್ಕಿರುವ ಕೆಲಸಗಳ ಲೆಕ್ಕ. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶಗಳ ಸಂಸ್ಥೆ, ಎಲ್ಲರೂ ಬಿಎಲ್‌ಎಸ್ ಅನ್ನುತ್ತಾರೆ, ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ನ್ಯೂಯಾರ್ಕ್ ಸಮಯ ಬೆಳಿಗ್ಗೆ 8:30ಕ್ಕೆ ಬಿಡುಗಡೆ ಮಾಡುತ್ತದೆ. ಸುಮಾರು 1.2 ಲಕ್ಷ ಕಂಪನಿ ಮತ್ತು ಸರ್ಕಾರಿ ಕಚೇರಿಗಳನ್ನು ಕೇಳಿ ಮಾಡುವ ಲೆಕ್ಕ ಇದು. ತಿಂಗಳ 12ನೇ ತಾರೀಖು ಯಾವ ಸಂಬಳದ ಅವಧಿಗೆ ಬೀಳುತ್ತದೋ ಆ ಅವಧಿಯಲ್ಲಿ ಒಂದು ದಿನದ ಸಂಬಳ ಪಡೆದಿದ್ದರೂ ನೀವು ಲೆಕ್ಕಕ್ಕೆ ಸೇರಿದಿರಿ. ಎರಡು ಕಡೆ ದುಡಿದರೆ ಎರಡು ಸಲ ಸೇರಿದಿರಿ. ಹೊಲದಲ್ಲಿ ದುಡಿಯುವವರು, ಸ್ವಂತ ಉದ್ಯೋಗದವರು, ಬೇರೆಯವರ ಮನೆಗೆಲಸದವರು ಇದರಲ್ಲಿಲ್ಲ. ನಿಮ್ಮ ಡಲ್ಲಾಸ್ ಕಡೆ ಕೆಲವು ಕನ್ಸಲ್ಟೆನ್ಸಿಗಳವರು ಸಂಬಳ ಕೊಡದೆ ಬೆಂಚ್ ಮೇಲೆ ಕೂರಿಸುತ್ತಾರಲ್ಲ (ಎಚ್‌-1ಬಿ ಎಂಬ ಕೆಲಸದ ವೀಸಾದವರಿಗೆ ಹಾಗೆ ಮಾಡುವುದು ಕಾನೂನಿಗೇ ವಿರುದ್ಧ, ಹುಷಾರಾಗಿರಿ), ಹಾಗೆ ಕೂತವರೂ ಇದರಲ್ಲಿಲ್ಲ. ಸಂಬಳದ ಚೀಟಿ ಇದ್ದರಷ್ಟೇ ಲೆಕ್ಕ.

ನಿರುದ್ಯೋಗ ಪ್ರಮಾಣ ಬರುವುದು ಬೇರೆ ಸಮೀಕ್ಷೆಯಿಂದ. ಅದಕ್ಕೆ ಸುಮಾರು 60,000 ಮನೆಗಳನ್ನು ಕೇಳುತ್ತಾರೆ. ಹೀಗಾಗಿ ಒಂದೇ ದಿನ ಬರುವ ಎರಡು ಅಂಕಿ ಒಂದಕ್ಕೊಂದು ಎದುರುಬದುರು ನಿಲ್ಲುವುದುಂಟು. 2024ರ ಅಕ್ಟೋಬರ್‌ನಲ್ಲಿ ಪೇರೋಲ್ ಹೆಚ್ಚಿದ್ದು ಬರೀ 12,000 ಅಂತ ಮೊದಲು ಹೇಳಿದರು. ನಿರುದ್ಯೋಗ ಮಾತ್ರ 4.1%ರಲ್ಲೇ ಇತ್ತು. ಕಾರಣ, ಬೋಯಿಂಗ್‌ನ ಸುಮಾರು 33,000 ಕಾರ್ಮಿಕರು ಮುಷ್ಕರದಲ್ಲಿದ್ದರು. ಇಡೀ ಅವಧಿ ಮುಷ್ಕರದಲ್ಲಿದ್ದವರು ಪೇರೋಲ್ ಲೆಕ್ಕದಿಂದ ಬಿದ್ದುಹೋಗುತ್ತಾರೆ, ಮನೆಮನೆ ಸಮೀಕ್ಷೆಯಲ್ಲಿ ಉದ್ಯೋಗಿಗಳೇ ಆಗಿರುತ್ತಾರೆ. ಜೊತೆಗೆ ಹೆಲೀನ್, ಮಿಲ್ಟನ್ ಚಂಡಮಾರುತಗಳು ಬೇರೆ ಬಡಿದಿದ್ದವು.

ಮೊದಲು ಬರುವ ಅಂಕಿ ಗಟ್ಟಿಯೂ ಅಲ್ಲ. ಗಡುವಿನೊಳಗೆ ಎಲ್ಲ ಕಂಪನಿಗಳೂ ಉತ್ತರ ಕಳಿಸುವುದಿಲ್ಲ, ಆಮೇಲೆ ಎರಡು ತಿಂಗಳು ತಿದ್ದುತ್ತಾರೆ. ವರ್ಷಕ್ಕೊಮ್ಮೆ, ಕಂಪನಿಗಳು ನಿರುದ್ಯೋಗ ವಿಮೆಯ ತೆರಿಗೆಗೆ ಸಲ್ಲಿಸುವ ದಾಖಲೆ ಇಟ್ಟುಕೊಂಡು ಎಲ್ಲವನ್ನೂ ಹೊಂದಿಸುತ್ತಾರೆ. 2024ರ ಮಾರ್ಚ್‌ನ ಒಟ್ಟು ಲೆಕ್ಕದಲ್ಲಿ 8.18 ಲಕ್ಷ ಉದ್ಯೋಗ ಹೆಚ್ಚಾಗಿ ತೋರಿಸಿದೆ ಎಂದು ಆ ವರ್ಷದ ಆಗಸ್ಟ್‌ನಲ್ಲಿ ಅಂದಾಜು ಬಂತು. ಕೊನೆಗೆ ಅದು 6 ಲಕ್ಷದ ಸುತ್ತಮುತ್ತ ನಿಂತಿತು. 2025ರ ಆಗಸ್ಟ್ 1ರಂದು ಜುಲೈ ತಿಂಗಳಿಗೆ 73,000 ಅಂದರು, ಅದೇ ಉಸಿರಿನಲ್ಲಿ ಮೇ ಮತ್ತು ಜೂನ್ ತಿಂಗಳ ಅಂಕಿಯಿಂದ 2.58 ಲಕ್ಷ ಕಳೆದರು. ಅಧ್ಯಕ್ಷ ಟ್ರಂಪ್ ಅವತ್ತೇ ಸಂಸ್ಥೆಯ ಮುಖ್ಯಸ್ಥೆ ಎರಿಕಾ ಮೆಕೆಂಟಾರ್ಫರ್ ಅವರನ್ನು ವಜಾ ಮಾಡಿದರು. ನನ್ನ ಅಭಿಪ್ರಾಯ ಕೇಳಿದರೆ, ತಿದ್ದುವುದು ಮೋಸವಲ್ಲ, ತಿದ್ದದೇ ಇದ್ದರೆ ಮೋಸ. ನೀವು ಮಾತ್ರ ಒಂದೇ ತಿಂಗಳ ಅಂಕಿ ಹಿಡಿದು ಕೂರಬೇಡಿ. ಮೂರು ತಿಂಗಳ ಸರಾಸರಿ ನೋಡಿ.

ಇನ್ನು ನಿಮ್ಮ ಫೋನ್ ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ಬರೋಣ. ರಾಜ್ಯದಲ್ಲಿ ವಾಡಿಕೆ ಮಳೆಯಾಗಿದೆ ಎಂದು ವರದಿ ಬಂದ ವರ್ಷವೂ ಚಳ್ಳಕೆರೆಯವರು ಟ್ಯಾಂಕರ್‌ಗೆ ಕಾಯುವುದುಂಟು. ಸುರಿದದ್ದೆಲ್ಲ ಆಗುಂಬೆ ಕಡೆ ಸುರಿದಿರುತ್ತದೆ. ಇಲ್ಲಿ ಆಗುಂಬೆ ಅಂದರೆ ಆಸ್ಪತ್ರೆಗಳು. 2025ರಲ್ಲಿ ಹೆಚ್ಚಿದ ಉದ್ಯೋಗದ ಬಹುಪಾಲು ಆರೋಗ್ಯ ಮತ್ತು ಸಮಾಜಸೇವೆಯದ್ದು: ನರ್ಸ್‌ಗಳು, ಮನೆಗೆ ಬಂದು ವೃದ್ಧರನ್ನು ನೋಡಿಕೊಳ್ಳುವವರು. ಈ ದೇಶಕ್ಕೆ ವಯಸ್ಸಾಗುತ್ತಿದೆ, ಆ ಬೇಡಿಕೆ ಬಡ್ಡಿದರ ಏರಿದರೂ ಇಳಿದರೂ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕೆಲಸ ಕಡಿಮೆಯಾಯಿತು, ನಮ್ಮ ಸಾಫ್ಟ್‌ವೇರ್ ಕಡೆಯೂ ಒಣಗಿತ್ತು.

ವರದಿಯ ಕೊನೆಯಲ್ಲಿ ಬಿ-1 ಎಂಬ ಪಟ್ಟಿ ಇರುತ್ತದೆ, ಉದ್ಯಮವಾರು ಲೆಕ್ಕ. ಅಲ್ಲಿ ‘ಇನ್ಫರ್ಮೇಶನ್’ ಅನ್ನುವ ಸಾಲು ನೋಡಿ ಅದೇ ನಮ್ಮ ಐಟಿ ಎಂದುಕೊಳ್ಳುವವರು ಬಹಳ. ಅದರಲ್ಲಿ ಸಿನಿಮಾ, ಪತ್ರಿಕೆ, ಟೆಲಿಫೋನ್ ಎಲ್ಲ ಸೇರಿವೆ. ನಮ್ಮ ಸರ್ವಿಸ್ ಕಂಪನಿ, ಕನ್ಸಲ್ಟಿಂಗ್ ಕಂಪನಿಗಳವರು ಇರುವುದು ‘ಪ್ರೊಫೆಶನಲ್ ಆ್ಯಂಡ್ ಬಿಸಿನೆಸ್ ಸರ್ವಿಸಸ್’ ಒಳಗಿನ ‘ಕಂಪ್ಯೂಟರ್ ಸಿಸ್ಟಮ್ಸ್ ಡಿಸೈನ್’ ಸಾಲಿನಲ್ಲಿ. ನಿಮ್ಮ ಬಾವಿ ಅದು. ಅದರ ಹತ್ತಿರವೇ ‘ಟೆಂಪರರಿ ಹೆಲ್ಪ್’ ಎಂಬ ಸಾಲೂ ಇದೆ. ಕಂಪನಿಗಳು ಕಾಯಂ ನೌಕರರನ್ನು ಮುಟ್ಟುವ ಮೊದಲು ತಾತ್ಕಾಲಿಕದವರನ್ನು ಬಿಡುತ್ತವೆ, ಕಾಯಂ ತೆಗೆದುಕೊಳ್ಳುವ ಮೊದಲು ತಾತ್ಕಾಲಿಕದವರನ್ನು ಕರೆಯುತ್ತವೆ.

ಇನ್ನೊಂದು ಮಾತು ಜನ ಮರೆಯುತ್ತಾರೆ: ಪೇರೋಲ್ ಏರಿಕೆ ಅನ್ನುವುದು ಬಂದವರಲ್ಲಿ ಹೋದವರನ್ನು ಕಳೆದು ಉಳಿದದ್ದು. ತಿಂಗಳಿಗೆ 50 ಲಕ್ಷದಷ್ಟು ಜನ ಇಲ್ಲಿ ಹೊಸ ಕೆಲಸಕ್ಕೆ ಸೇರುತ್ತಾರೆ, ಹತ್ತಿರ ಹತ್ತಿರ ಅಷ್ಟೇ ಜನ ಬಿಡುತ್ತಾರೆ. ಆ ಲೆಕ್ಕ ‘ಜೋಲ್ಟ್ಸ್’ ಎಂಬ ಬೇರೆ ವರದಿಯಲ್ಲಿ ಬರುತ್ತದೆ. ಯಾರನ್ನೂ ತೆಗೆಯದೆ, ಯಾರನ್ನೂ ಸೇರಿಸಿಕೊಳ್ಳದೆ ಕೂತಿರುವ ಮಾರುಕಟ್ಟೆಯಲ್ಲೂ ಪೇರೋಲ್ ಮೆಲ್ಲಗೆ ಏರುತ್ತಿರಬಹುದು. ಒಳಗಿರುವ ನನ್ನಂಥವರಿಗೆ ಅದು ನೆಮ್ಮದಿ. ಬಾಗಿಲಲ್ಲಿ ನಿಂತ ನಿಮ್ಮಂಥವರಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಜನ ತಾವಾಗಿಯೇ ರಾಜೀನಾಮೆ ಕೊಡುವುದು ಹೆಚ್ಚಿದರೆ ಖಾಲಿ ಕುರ್ಚಿ ಹುಟ್ಟುತ್ತಿವೆ ಎಂದರ್ಥ. ನಾನಾದರೆ ಜೋಲ್ಟ್ಸ್ ವರದಿಯ ಆ ‘ಕ್ವಿಟ್ಸ್’ ಅಂಕಿಯನ್ನೇ ಮೊದಲು ನೋಡುತ್ತೇನೆ.

ಹಾಗಾದರೆ ಆ ದೊಡ್ಡ ಅಂಕಿ ಯಾರಿಗೆ? ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ಗೆ. ಬೆಲೆ ಹತೋಟಿ, ಗರಿಷ್ಠ ಉದ್ಯೋಗ ಎರಡೂ ಅದರ ಹೊಣೆ. ಪೇರೋಲ್ ಸೊರಗಿದರೆ ಬಡ್ಡಿ ಇಳಿಸುವ ಆಸೆ ಹುಟ್ಟುತ್ತದೆ. ಅದಕ್ಕೇ ಕೆಟ್ಟ ವರದಿ ಬಂದ ದಿನ ಷೇರುಪೇಟೆ ಕೆಲವೊಮ್ಮೆ ಕುಣಿಯುತ್ತದೆ. ವಲಸೆ ಕಡಿಮೆಯಾದರೆ ನಿರುದ್ಯೋಗ ಏರದಂತೆ ನೋಡಿಕೊಳ್ಳಲು ಬೇಕಾಗುವ ಹೊಸ ಉದ್ಯೋಗವೂ ಕಡಿಮೆ ಸಾಕು, ಆದ್ದರಿಂದ ಸಣ್ಣ ಅಂಕಿ ಕಂಡ ಕೂಡಲೇ ಹಿಂಜರಿತ ಎಂದು ಕೂಗುವವರನ್ನೂ ಪೂರ್ತಿ ನಂಬಬೇಡಿ. ನಮ್ಮ ಭಾರತದಲ್ಲೂ 2018ರಿಂದ ಭವಿಷ್ಯನಿಧಿ ಸಂಸ್ಥೆ ಇಪಿಎಫ್‌ಒ ಪ್ರತಿ ತಿಂಗಳು ಪೇರೋಲ್ ಅಂಕಿ ಕೊಡುತ್ತಿದೆ. ಆದರೆ ಹಳೆಯ ಕೆಲಸಕ್ಕೆ ಹೊಸದಾಗಿ ಪಿಎಫ್ ಬಂದರೂ ಅದರಲ್ಲಿ ಸೇರ್ಪಡೆಯಾಗಿಯೇ ಕಾಣುತ್ತದೆ. ಊರಿಗೆ ಹೊರಡುವ ಮುನ್ನ ಅದನ್ನು ಇದರ ಪಕ್ಕ ಇಟ್ಟು ತೂಗಬೇಡಿ.

ಕೆಲಸದ ಮಾತಿಗೆ ಬರುತ್ತೇನೆ. ಆರ್ಥಿಕತೆ ಹೇಗಿದ್ದರೂ ನಿಮ್ಮ ಗಡಿಯಾರ ಓಡುತ್ತಿರುತ್ತದೆ: ಓಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಎಷ್ಟು ದಿನ ಕಳೆದಿದೆ ಎಂದು ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲಿ ಇವತ್ತೇ ಕೇಳಿ. ನಿಮ್ಮ ವಿಷಯಕ್ಕೆ ಸಂಬಂಧಿಸಿದ, ವಾರಕ್ಕೆ ಕನಿಷ್ಠ 20 ಗಂಟೆಯ ಸ್ವಯಂಸೇವೆಯೂ ವಿಸ್ತರಣೆಗೆ ಮುಂಚಿನ ಮೊದಲ ಓಪಿಟಿಯಲ್ಲಿ ಕೆಲಸವೆಂದೇ ಲೆಕ್ಕವಾಗುತ್ತದೆ. ಅವರ ಒಪ್ಪಿಗೆ ಕೇಳಿ ಶುರು ಮಾಡಿ. ಅರ್ಜಿಗಳನ್ನು ಸಾಫ್ಟ್‌ವೇರ್ ಕಂಪನಿಗಳಿಗಷ್ಟೇ ಸುರಿಯಬೇಡಿ. ಆಸ್ಪತ್ರೆಗಳಿಗೂ ಡೇಟಾಬೇಸ್ ನೋಡುವವರು ಬೇಕು, ಬಿಲ್ಲಿಂಗ್ ವ್ಯವಸ್ಥೆ ನಡೆಸುವವರು ಬೇಕು. ಯೂನಿವರ್ಸಿಟಿಗಳು ಮತ್ತು ಅವುಗಳ ಜೊತೆ ಸೇರಿದ ಲಾಭರಹಿತ ಆಸ್ಪತ್ರೆಗಳಿಗೆ ಎಚ್‌-1ಬಿಯ ವರ್ಷಕ್ಕೆ 85,000 ಎಂಬ ಮಿತಿ ಅನ್ವಯಿಸುವುದಿಲ್ಲ, ವೀಸಾ ಲಾಟರಿಗೆ ಕಾಯಬೇಕಿಲ್ಲ. ಡಲ್ಲಾಸ್, ಹ್ಯೂಸ್ಟನ್ ಎರಡೂ ಕಡೆ ದೊಡ್ಡ ವೈದ್ಯಕೀಯ ಕೇಂದ್ರಗಳಿವೆ. ಸಂಬಳ ಸ್ವಲ್ಪ ಕಡಿಮೆ ಇದ್ದೀತು. ರೆಸ್ಯೂಮೆಯನ್ನು ಅದಕ್ಕೆ ತಕ್ಕಂತೆ ಬದಲಿಸಿ ಕಳಿಸಿಕೊಡಿ, ನೋಡಿ ಹೇಳುತ್ತೇನೆ.