ಕ್ಲೌನ್ ಮೀನಿನ ಮರಿಗಳು ಮೂರನೇ ದಿನಕ್ಕೇ ಯಾಕೆ ಸಾಯುತ್ತವೆ?

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರ ಕಾಫಿ ತೋಟ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಒಂದು ಜೊತೆ ಕ್ಲೌನ್ ಮೀನು ಸಾಕಿದ್ದೇವೆ. ಮಣ್ಣಿನ ಕುಂಡದೊಳಗೆ ಮೊಟ್ಟೆ ಇಟ್ಟು ಮರಿಯೂ ಆದವು. ಮರಿಗಳನ್ನು ಲೋಟದಲ್ಲಿ ಎತ್ತಿ ಬೇರೆ ಟ್ಯಾಂಕಿಗೆ ಬಿಟ್ಟೆ. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಕದಡಿ ಹಾಕಿದೆ, ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಮರಿಗಳನ್ನೂ ಕೊಟ್ಟೆ. ಮೂರನೇ ದಿನಕ್ಕೆ ಒಂದೂ ಉಳಿಯಲಿಲ್ಲ. ಈಗ ಮತ್ತೆ ಮೊಟ್ಟೆ ಇಟ್ಟಿವೆ. ಏನು ಮಾಡಲಿ?
– ಓದುಗರು, ಮಡಿಕೇರಿ

ಉತ್ತರ: ಮರಿಗಳು ಸತ್ತಿದ್ದು ಹೆಚ್ಚಾಗಿ ಹಸಿವಿನಿಂದ. ಊಟ ಹಾಕಿದ್ದೆನಲ್ಲ ಅಂತೀರಿ. ಹಾಕಿದ್ದೀರಿ, ಆದರೆ ಅದು ಅವುಗಳ ಬಾಯಿಗೆ ಹೋಗುವಂಥದ್ದಲ್ಲ. ಆಗಷ್ಟೇ ಹುಟ್ಟಿದ ಮರಿ ಮೂರು-ನಾಲ್ಕು ಮಿಲಿಮೀಟರ್ ಉದ್ದ ಅಷ್ಟೇ. ಆರ್ಟೀಮಿಯಾ ಮರಿಯೇ ಹತ್ತಿರಹತ್ತಿರ ಅರ್ಧ ಮಿಲಿಮೀಟರ್ ಇರುತ್ತದೆ, ಅದನ್ನು ನುಂಗೋದು ಹೇಗೆ? ಇನ್ನು ಕೋಳಿಮೊಟ್ಟೆಯ ಹಳದಿ ಅಲುಗಾಡುವುದಿಲ್ಲ, ಈ ಮರಿಗಳಿಗೆ ಅಲುಗಾಡುವುದೇ ಊಟ. ಅದು ಸುಮ್ನೆ ತಳದಲ್ಲಿ ಕೊಳೆತು ನೀರು ಕೆಡಿಸುತ್ತದೆ.

ಮೊದಲ ವಾರಕ್ಕೆ ಬೇಕಾದದ್ದು ರೋಟಿಫರ್. ನೀರಲ್ಲಿ ಧೂಳಿನ ಚುಕ್ಕೆಯಂತೆ ಓಡಾಡುವ ಜೀವಿ. ಮೊಟ್ಟೆ ಒಡೆದ ಮೇಲೆ ಹುಡುಕಲು ಹೊರಟರೆ ಆಗುವುದಿಲ್ಲ, ಮೊದಲೇ ಬೆಳೆಸಿಟ್ಟಿರಬೇಕು. ಅದಕ್ಕೇ ನನ್ನ ಮಾತು ಕೇಳಿ, ಈ ಸಲದ ಮೊಟ್ಟೆ ಬಿಟ್ಟುಬಿಡಿ. ಜೋಡಿ ಒಮ್ಮೆ ಶುರು ಮಾಡಿದರೆ ಹೆಚ್ಚುಕಮ್ಮಿ ಎರಡು ವಾರಕ್ಕೊಮ್ಮೆ ಇಡುತ್ತಲೇ ಇರುತ್ತದೆ, ಅವಸರ ಏನಿಲ್ಲ. ಅಷ್ಟರಲ್ಲಿ ರೋಟಿಫರ್ ತಳಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ವಿಚಾರಿಸಿ ನೋಡಿ, ಇಲ್ಲವೇ ಉಪ್ಪುನೀರಿನ ಮೀನು ಸಾಕುವವರ ಹತ್ತಿರ ಕೇಳಿ. ಬಾಟಲಿಯನ್ನು ಪೂರ್ತಿ ತುಂಬಿಸದೆ ಅರ್ಧ ಗಾಳಿ ಬಿಟ್ಟು ತಂದರೆ ಸಂಪಾಜೆ ಘಾಟಿ ಹತ್ತಿ ಬರುವಷ್ಟು ಹೊತ್ತು ಆರಾಮಾಗಿ ಬದುಕುತ್ತದೆ.

ಮನೆಯಲ್ಲಿ ಒಂದು ಬಕೆಟ್ ಉಪ್ಪುನೀರಿಗೆ ಬಿಟ್ಟು, ಮೆಲ್ಲಗೆ ಗಾಳಿ ಕೊಟ್ಟು, ನ್ಯಾನೋಕ್ಲೋರಾಪ್ಸಿಸ್ ಅನ್ನುವ ಹಸಿರು ಪಾಚಿ ಹಾಕಿ. ನೀರು ತಿಳಿಯಾದರೆ ಅವಕ್ಕೆ ಹಸಿವಾಗಿದೆ ಎಂದರ್ಥ, ಮತ್ತೆ ಹಾಕಿ. ಎರಡು ಬಕೆಟ್ ಇಡಿ, ಒಂದು ಯಾವಾಗ ಹಾಳಾಗುತ್ತೋ ಹೇಳಲಾಗದು. ಮಡಿಕೇರಿ ಚಳಿಗೆ ಇವು ನಿಧಾನ ಬೆಳೆಯುತ್ತವೆ, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟರೆ ವಾಸಿ.

ಇಲ್ಲಿ ಒಂದು ಮಾತು, ನೀವು ತೋಟದವರು ಅಂತ ಹೇಳುತ್ತಿದ್ದೇನೆ. ತೋಟಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಕಲಸಿದ ಬಕೆಟ್, ಡ್ರಮ್ಮು, ಕೋಲು, ಯಾವುದೂ ಈ ಕೆಲಸಕ್ಕೆ ಬೇಡ. ಎಷ್ಟೇ ತೊಳೆದರೂ ಬೇಡ. ಮೈಲುತುತ್ತದಲ್ಲಿರುವುದು ತಾಮ್ರ, ಅದು ಚೂರೇ ಚೂರು ಉಳಿದರೂ ರೋಟಿಫರ್ ಸಾಯುತ್ತದೆ, ಎಳೆ ಮರಿಗೂ ವಿಷ. ತಾಮ್ರದ ಹಂಡೆಯ ನೀರೂ ಅಷ್ಟೇ. ಮೆಣಸಿನ ಬಳ್ಳಿಗೆ ಸ್ಪ್ರೇ ಹೊಡೆದು ಬಂದವರು ಟ್ಯಾಂಕಿಗೆ ಕೈ ಹಾಕಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ.

ಇನ್ನು ಮರಿಗಳನ್ನು ಲೋಟದಲ್ಲಿ ಎತ್ತುವ ಬದಲು ಕುಂಡವನ್ನೇ ಎತ್ತಿ. ನೀರು 27 ಡಿಗ್ರಿ ಆಸುಪಾಸು ಇದ್ದರೆ ಒಂದು ವಾರದ ಹೊತ್ತಿಗೆ ಮೊಟ್ಟೆಯೊಳಗೆ ಕಣ್ಣು ಬೆಳ್ಳಿಯಂತೆ ಮಿನುಗುತ್ತದೆ. ಅವತ್ತು ಸಂಜೆ ಕುಂಡವನ್ನು ನೀರಿನಿಂದ ಹೊರಗೆ ತೆಗೆಯದೆ, ಪಾತ್ರೆಯೊಳಗೇ ಇಟ್ಟು, ಮರಿ ಟ್ಯಾಂಕಿಗೆ ಸಾಗಿಸಿ. ಆ ಟ್ಯಾಂಕಿಗೆ ದೊಡ್ಡ ಟ್ಯಾಂಕಿನ ನೀರನ್ನೇ ತುಂಬಿಸಿರಿ. ಗಂಡು ಮೀನು ರೆಕ್ಕೆ ಬೀಸಿ ಮೊಟ್ಟೆಗೆ ನೀರಾಡಿಸುತ್ತಿತ್ತಲ್ಲ, ಆ ಕೆಲಸಕ್ಕೆ ಪಕ್ಕದಲ್ಲಿ ಏರ್‌ಸ್ಟೋನ್ (ಏರ್‌ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಕಲ್ಲು) ಇಡಿ. ದೀಪ ಆರಿಸಿ. ಕತ್ತಲಾಗಿ ಗಂಟೆ-ಎರಡು ಗಂಟೆಯೊಳಗೆ ಮೊಟ್ಟೆ ಒಡೆಯುತ್ತವೆ. ಒಡೆದ ಮೇಲೆ ಗಾಳಿಯನ್ನು ಸಣ್ಣಗೆ ಮಾಡಿ.

ಟ್ಯಾಂಕಿನ ಸುತ್ತ ಕಪ್ಪು ಕಾಗದ ಅಂಟಿಸಿ, ಇಲ್ಲದಿದ್ದರೆ ಮರಿಗಳು ಬೆಳಕು ಕಂಡ ಕಡೆ ಗಾಜಿಗೆ ಹೋಗಿ ಕುಟ್ಟುತ್ತವೆ. ನೀರು ತೆಳು ಹಸಿರಾಗುವಷ್ಟು ಪಾಚಿ ಬೆರೆಸಿ, ಬೆಳಿಗ್ಗೆಯೇ ರೋಟಿಫರ್ ಬಿಡಿ. ಒಂದು ಮಿಲಿಲೀಟರ್ ನೀರಿಗೆ ಹತ್ತಾದರೂ ಇರಲಿ. ಆಮೇಲೆ ಮೇಲಿನಿಂದ ಟಾರ್ಚ್ ಹಿಡಿದು ನೋಡಿ. ತಿನ್ನುವ ಮರಿ ಒಂದು ಕ್ಷಣ ನಿಂತು, ಮೈಯನ್ನು ಕೊಂಕಿಸಿ, ಚಂಗನೆ ಮುಂದಕ್ಕೆ ನುಗ್ಗುತ್ತದೆ. ಅದು ಕಂಡರೆ ಅರ್ಧ ಗೆದ್ದಂತೆ.

ಆರೇಳು ದಿನ ಕಳೆದ ಮೇಲೆ ಆರ್ಟೀಮಿಯಾ ಕೊಡಬಹುದು, ಆಗಷ್ಟೇ ಹುಟ್ಟಿದ್ದು, ಸಿಪ್ಪೆ ಬೇರೆ ಮಾಡಿದ್ದು. ರೋಟಿಫರ್ ತಕ್ಷಣ ನಿಲ್ಲಿಸಬೇಡಿ, ಕೆಲವು ದಿನ ಎರಡೂ ಇರಲಿ. ತಳದ ಕೊಳೆಯನ್ನು ಏರ್‌ಪಂಪಿನ ಸಣ್ಣ ಪೈಪಿನಿಂದ ದಿನಾ ಎಳೆದು, ಅಷ್ಟೇ ನೀರನ್ನು ಹನಿಹನಿಯಾಗಿ ತುಂಬಿ, ಅಮೋನಿಯಾ ಏರಿದರೆ ಊಟ ಎಷ್ಟಿದ್ದರೂ ಪ್ರಯೋಜನವಿಲ್ಲ. ಎರಡನೇ ವಾರದಲ್ಲಿ ಬಿಳಿ ಪಟ್ಟೆ ಮೂಡಲು ಶುರುವಾಗುತ್ತದೆ. ಮಳೆಗಾಲದಲ್ಲಿ ಮಾಡುವುದಾದರೆ ಬ್ಯಾಟರಿ ಏರ್‌ಪಂಪ್ ಇಟ್ಟುಕೊಳ್ಳಿ, ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ. ಹೀಟರ್ ನಿಂತಾಗ ಟ್ಯಾಂಕಿಗೆ ಥರ್ಮೋಕೋಲ್ ಸುತ್ತಿ.

ಪ್ರಶ್ನೆ: ಕ್ಲೌನ್ ಮರಿಗಳಲ್ಲಿ ಗಂಡು ಹೆಣ್ಣು ನೋಡಿ ಜೋಡಿ ಕೊಳ್ಳುವುದು ಹೇಗೆ?
– ಓದುಗರು, ವಿರಾಜಪೇಟೆ

ಉತ್ತರ: ನೋಡುವುದೇ ಬೇಡ. ಒಂದು ದೊಡ್ಡದು, ಒಂದು ಸಣ್ಣದು ತನ್ನಿ. ಜೋರು ಮಾಡುವ ದೊಡ್ಡದು ಹೆಣ್ಣಾಗುತ್ತದೆ, ಇನ್ನೊಂದು ಗಂಡಾಗಿ ಉಳಿಯುತ್ತದೆ. ಆದರೆ ಒಮ್ಮೆ ಹೆಣ್ಣಾದದ್ದು ತಿರುಗಿ ಗಂಡಾಗುವುದಿಲ್ಲ, ಹಾಗಾಗಿ ಬೆಳೆದ ಎರಡು ದೊಡ್ಡ ಮೀನುಗಳನ್ನು ಒಟ್ಟಿಗೆ ಬಿಡಬೇಡಿ, ಕಚ್ಚಾಡಿ ಒಂದು ಸಾಯುತ್ತದೆ.