ಸಾಕುನಾಯಿಯ ಕ್ಯಾನ್ಸರ್ ಅಧ್ಯಯನದಿಂದ ಮನುಷ್ಯರಿಗೇನು ಲಾಭ?

ಹುಬ್ಬಳ್ಳಿಯ ನಿಮ್ಮ ರಾಟ್‌ವೈಲರ್ ನಾಯಿಗೆ ಮುಂಗಾಲಿನ ಮೂಳೆಯ ಕ್ಯಾನ್ಸರ್ ಎಂದಿದ್ದಾರೆ. ನಾಯಿಗಳ ವಂಶವಾಹಿ ಅಧ್ಯಯನದಿಂದ ಮನುಷ್ಯರಿಗೆ ನಿಜಕ್ಕೂ ಉಪಯೋಗವಿದೆಯೇ, ಅದಕ್ಕೆ ಪ್ರಯೋಗಾಲಯದ ಇಲಿ ಸಾಲದೇ ಎಂದು ಕೇಳಿದ್ದೀರಿ. ಧಾರವಾಡದಲ್ಲಿ ಪಶುವೈದ್ಯನಾಗಿರುವ ನನ್ನ ಉತ್ತರ: ಉಪಯೋಗವಿದೆ, ಇಲಿ ಸಾಲದು.

ಇಲಿಗೆ ಕ್ಯಾನ್ಸರನ್ನು ಸಾಮಾನ್ಯವಾಗಿ ನಾವೇ ತರಿಸಬೇಕು. ನಾಯಿಗೆ ಅದು ತಾನಾಗಿಯೇ ಬರುತ್ತದೆ. ಹೆಚ್ಚಾಗಿ ವಯಸ್ಸಾದ ಮೇಲೆ, ನಾವು ಉಸಿರಾಡುವ ಗಾಳಿಯಲ್ಲೇ ಬದುಕಿದ ದೇಹಕ್ಕೆ. ಆಸ್ಟಿಯೋಸಾರ್ಕೋಮಾ ಎಂಬ ಈ ರೋಗ ಹದಿಹರೆಯದ ಮಕ್ಕಳ ಮೊಣಕಾಲಿನ ಬಳಿಯೂ ಕಾಣಿಸಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಡಿ ಎರಡನ್ನೂ ಬೇರೆ ಮಾಡಿ ಹೇಳುವುದು ಕಷ್ಟ. ಮಕ್ಕಳಲ್ಲಿ ಅದು ವಿರಳ, ದೊಡ್ಡ ಗಾತ್ರದ ನಾಯಿಗಳಲ್ಲಿ ಮಾಮೂಲು.

ನಿಜವಾದ ಗುಟ್ಟಿರುವುದು ತಳಿಯಲ್ಲಿ. ಒಂದು ತಳಿ ಎಂದರೆ ತಲೆತಲಾಂತರದಿಂದ ತಮ್ಮೊಳಗೇ ಹೆಣ್ಣು ಕೊಟ್ಟು ತಂದುಕೊಂಡ ಊರಿದ್ದಂತೆ. ಕೆಲವೇ ಪೂರ್ವಜರ ಡಿಎನ್‌ಎಯ ಉದ್ದುದ್ದ ತುಂಡುಗಳು ಎಲ್ಲರಲ್ಲೂ ಹಾಗೆಯೇ ಉಳಿದಿರುತ್ತವೆ. ಹೀಗಾಗಿ ಮನುಷ್ಯರಲ್ಲಿ ಸಾವಿರಾರು ರೋಗಿಗಳನ್ನು ಬೇಡುವ, ರೋಗಕ್ಕೆ ಸಂಬಂಧಿಸಿದ ಜೀನುಗಳ ಹುಡುಕಾಟ ನಾಯಿಗಳಲ್ಲಿ ಕೆಲವು ನೂರರಲ್ಲಿ ನಡೆಯುತ್ತದೆ. ಟಾಶಾ ಎಂಬ ಬಾಕ್ಸರ್ ನಾಯಿಯ ಜೀನೋಮ್, ಅಂದರೆ ಇಡೀ ಡಿಎನ್‌ಎಯ ಬರಹ, ಪ್ರಕಟವಾದದ್ದು 2005ರಲ್ಲಿ. 2013ರಲ್ಲಿ ಗ್ರೇಹೌಂಡ್, ಐರಿಷ್ ವುಲ್ಫ್‌ಹೌಂಡ್ ಮತ್ತು ನಿಮ್ಮ ರಾಟ್‌ವೈಲರ್ ತಳಿಗಳಲ್ಲಿ ಈ ರೋಗಕ್ಕೆ ಸಂಬಂಧಿಸಿದ 33 ಜಾಗಗಳನ್ನು ಜೀನೋಮ್‌ನಲ್ಲಿ ಗುರುತಿಸಲಾಯಿತು. ಗ್ರೇಹೌಂಡ್‌ಗಳಲ್ಲಿ ಎದ್ದು ಕಂಡ ಜಾಗ ಸಿಡಿಕೆಎನ್2ಎ ಜೀನಿನ ನೆರೆಯದು. ಜೀವಕೋಶಗಳ ವಿಭಜನೆಗೆ ಕಡಿವಾಣ ಹಾಕುವ ಈ ಜೀನ್ ಮನುಷ್ಯರ ಹಲವು ಕ್ಯಾನ್ಸರ್‌ಗಳಲ್ಲೂ ಕೆಟ್ಟಿರುತ್ತದೆ.

ನಮ್ಮ ಕಡೆ ಇಂಥ ಅಧ್ಯಯನಕ್ಕಿರುವ ತೊಡಕು ಬೇರೆ. ‘ಪ್ಯೂರ್ ಬ್ರೀಡ್’ ಎಂದು ಕೈಗಿಡುವ ಕಾಗದಗಳಲ್ಲಿ ಎಷ್ಟನ್ನು ನಂಬಬೇಕೋ ದೇವರೇ ಬಲ್ಲ. ಕಲಘಟಗಿ, ನವಲಗುಂದಗಳಿಂದ ನನ್ನಲ್ಲಿಗೆ ಹೆಚ್ಚಾಗಿ ಬರುವುದು ಸಂತಾನಹರಣ ಮಾಡಿಸದ ಹೆಣ್ಣುನಾಯಿಗಳ ಮೊಲೆಯ ಗಡ್ಡೆ. ಕಡಲೆಕಾಳಿನಷ್ಟಿದ್ದಾಗ ಯಾರೂ ತರುವುದಿಲ್ಲ. ಒಡೆದು ವಾಸನೆ ಹಿಡಿದ ಮೇಲೆ ತರುತ್ತಾರೆ. ಕತ್ತರಿಸಿ ತೆಗೆದ ಗಡ್ಡೆ ಪರೀಕ್ಷೆಗೆ ಹೋಗುವ ಬದಲು ಬಕೆಟ್ಟಿಗೆ ಹೋಗುತ್ತದೆ, ಏಕೆಂದರೆ ಆ ಖರ್ಚಿಗೆ ಒಪ್ಪುವವರು ಕಡಿಮೆ.

ಇನ್ನು ನಿಮ್ಮ ನಾಯಿಯ ವಿಷಯ. ಕಾಲು ತೆಗೆಸುವುದಾದರೆ ಅದರ ನೋವು ಹೋಗಲಿ ಎಂದು ತೆಗೆಸಿ, ಸಂಶೋಧನೆಗಾಗಿ ಅಲ್ಲ. ಉಳಿದ ಕಾಲುಗಳು ಗಟ್ಟಿಯಾಗಿದ್ದರೆ ಮೂರರ ಮೇಲೆ ನಾಯಿ ಚೆನ್ನಾಗಿಯೇ ಓಡಾಡುತ್ತದೆ. ಈ ರೋಗ ಶ್ವಾಸಕೋಶಕ್ಕೆ ಹರಡುವುದರಿಂದ ಮೊದಲು ಎದೆಯ ಎಕ್ಸ್‌ರೇ ಆಗಲಿ. ಶಸ್ತ್ರಚಿಕಿತ್ಸೆಯ ದಿನ ಗಡ್ಡೆಯ ತುಂಡೊಂದನ್ನು ಅದರ ಹತ್ತು ಪಟ್ಟು ಫಾರ್ಮಾಲಿನ್‌ನಲ್ಲಿ (ತುಂಡು ಕೊಳೆಯದಂತೆ ಕಾಯುವ ದ್ರಾವಣ) ಹಾಕಿಸಿ, ನೇರಳೆ ಮುಚ್ಚಳದ ಕೊಳವೆಯಲ್ಲಿ ಸ್ವಲ್ಪ ರಕ್ತವನ್ನೂ ತೆಗೆದಿಡಲು ಹೇಳಿ. ಹುಟ್ಟಿನಿಂದ ಬಂದ ದೋಷ ಯಾವುದು, ಗಡ್ಡೆಯಲ್ಲಿ ಮಾತ್ರ ಆದ ಬದಲಾವಣೆ ಯಾವುದು ಎಂದು ತಿಳಿಯಲು ಎರಡೂ ಬೇಕು. ತುಂಡಿನ ಪರೀಕ್ಷೆಗೆ ಗದಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಮುಂಚಿತವಾಗಿಯೇ ವಿಚಾರಿಸಿ; ರಕ್ತವನ್ನು ಕಳುಹಿಸುವವರೆಗೆ ಫ್ರಿಜ್‌ನಲ್ಲಿಡಿ.