ಗುಲಾಬಿ ತಲೆಯ ಬಾತು ಮತ್ತು ನಮ್ಮ ಸಂಶಯ

ಪ್ರಶ್ನೆ: ಕಳೆದ ಜನವರಿಯಲ್ಲಿ ಹೊಸಕೋಟೆ ಕೆರೆಯಲ್ಲಿ ಗುಲಾಬಿ ತಲೆಯ ಬಾತನ್ನು ಕಂಡೆನೆಂದು ನನ್ನ ಸ್ನೇಹಿತರೊಬ್ಬರು ಹೇಳುತ್ತಾರೆ. ಕೈಯಲ್ಲಿ ಕ್ಯಾಮೆರಾ ಇರಲಿಲ್ಲವಂತೆ. ಆ ಹಕ್ಕಿ ಅಳಿದುಹೋಗಿ ಎಷ್ಟೋ ಕಾಲವಾಯಿತು ಎಂದು ನಾನೆಂದರೆ, ಹಾಗಾದರೆ ತಜ್ಞರು ಇನ್ನೂ ಏಕೆ ಹುಡುಕುತ್ತಿದ್ದಾರೆ ಎಂದು ತಿರುಗಿ ಕೇಳುತ್ತಾರೆ. ಇಂಥ ಹುಡುಕಾಟಗಳಿಗೆ ಅರ್ಥವಿದೆಯೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಸ್ನೇಹಿತರು ಕೆಂಪು ಛಾಯೆಯ ತಲೆಯ ಒಂದು ಬಾತನ್ನು ನೋಡಿರಬಹುದು, ಅದನ್ನು ಅನುಮಾನಿಸಲು ನನಗೆ ಕಾರಣವಿಲ್ಲ. ಆದರೆ ಚಳಿಗಾಲದಲ್ಲಿ ನಮ್ಮ ದೇಶಕ್ಕೆ ವಲಸೆ ಬರುವ ರೆಡ್ ಕ್ರೆಸ್ಟೆಡ್ ಪೋಚಾರ್ಡ್ ಎಂಬ ಬಾತಿನ ಗಂಡಿಗೂ ಕಿತ್ತಳೆಗೆಂಪಿನ ದಪ್ಪ ತಲೆಯಿದೆ, ಮತ್ತು ಈ ಎರಡನ್ನು ಅದಲುಬದಲು ಮಾಡಿಕೊಂಡ ವರದಿಗಳು ಹಿಂದೆಯೂ ಬಂದಿವೆ. ಪೋಚಾರ್ಡಿನ ಕೊಕ್ಕು ಹವಳದಂತೆ ಕೆಂಪು, ಎದೆ ಕಪ್ಪು, ಪಕ್ಕೆಗಳು ಬಿಳಿ. ಗುಲಾಬಿ ತಲೆಯ ಬಾತಿಗಾದರೋ ಮೈಯೆಲ್ಲ ಕಡುಗಂದು, ಬಿಳಿ ಪಕ್ಕೆಯಿಲ್ಲ. ಅದರ ಮುಖ್ಯ ನೆಲೆಯೂ ನಮ್ಮ ಕಡೆಯದಲ್ಲ. ಗಂಗಾ ಮತ್ತು ಬ್ರಹ್ಮಪುತ್ರಾ ಬಯಲಿನ ಎತ್ತರದ ಹುಲ್ಲು ಬೆಳೆಯುವ ಜೌಗುಗಳು ಅದರ ಮನೆ. ನಿಸರ್ಗದಲ್ಲಿ ಅದು ಕೊನೆಯ ಬಾರಿಗೆ ಖಚಿತವಾಗಿ ದಾಖಲಾದದ್ದು 1935ರಲ್ಲಿ, ಬಿಹಾರದ ದರ್ಭಂಗಾ ಬಳಿ, ಅದೂ ಗುಂಡಿಗೆ ಬಲಿಯಾಗಿ.

ಬೆಳಗಿನ ಬೆಳಕೂ ಕಡಿಮೆಯ ಮೋಸಗಾರನಲ್ಲ. ಕೆಲವು ವರ್ಷಗಳ ಹಿಂದೆ ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಕೆರೆಯ ಏರಿಯ ಮೇಲೆ ನಿಂತಿದ್ದ ನನಗೆ, ಐದಾರು ಬಾತುಗಳ ತಲೆಗಳು ನಸುಗೆಂಪಾಗಿ ಹೊಳೆಯುವುದು ಕಂಡು ಎದೆ ಡವಡವಿಸಿತು. ಹತ್ತು ನಿಮಿಷ ಕಳೆದು ಬಿಸಿಲು ಏರಿದ ಮೇಲೆ ನೋಡಿದರೆ, ಅವು ವರ್ಷವಿಡೀ ನಮ್ಮ ಕೆರೆಗಳಲ್ಲೇ ಇರುವ ಚುಕ್ಕೆ ಕೊಕ್ಕಿನ ಬಾತುಗಳು. ಅಂದು ಅಲ್ಲಿಂದ ಬೇಗ ಹೊರಟುಬಿಟ್ಟಿದ್ದರೆ ನಾನೂ ಇಂದು ನಿಮ್ಮ ಸ್ನೇಹಿತರ ಪಕ್ಷ ವಹಿಸುತ್ತಿದ್ದೆನೋ ಏನೋ.

ಇನ್ನು ತಜ್ಞರು ಏಕೆ ಹುಡುಕುತ್ತಾರೆ ಎಂಬುದು. ಕೊನೆಯ ಜೀವಿಯೂ ಸತ್ತಿದೆ ಎಂಬುದರಲ್ಲಿ ಸಮಂಜಸವಾದ ಯಾವ ಸಂಶಯವೂ ಉಳಿಯದಿದ್ದಾಗ ಮಾತ್ರ ಒಂದು ಪ್ರಭೇದವನ್ನು ಅಳಿದದ್ದೆಂದು ಸಾರುವುದು ಅಳಿವಿನಂಚಿನ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯ ನಿಯಮ. ಅವಸರದಲ್ಲಿ ಸಾರಿಬಿಟ್ಟರೆ ಉಳಿದಿರಬಹುದಾದ ನಾಲ್ಕು ಹಕ್ಕಿಗಳ ಆವಾಸಕ್ಕೂ ರಕ್ಷಣೆ ಸಿಗದು. ಆದರೆ ಕಾಣದಿರುವುದಕ್ಕೆ ಎಲ್ಲ ಹಕ್ಕಿಗಳಲ್ಲೂ ಒಂದೇ ತೂಕವಿಲ್ಲ. ಆಂಧ್ರದ ಕಡಪ ಜಿಲ್ಲೆಯ ಕುರುಚಲು ಕಾಡಿನ ಜೆರ್ಡನ್ ಕೋರ್ಸರ್, ತೆಲುಗಿನವರ ಕಲಿವಿ ಕೋಡಿ, ರಾತ್ರಿ ಮಾತ್ರ ಓಡಾಡುವ, ಮಣ್ಣಿನ ಬಣ್ಣಕ್ಕೆ ಬೆರೆತುಹೋಗುವ ಹಕ್ಕಿ. 1900ರ ನಂತರ ಸುದ್ದಿಯೇ ಇಲ್ಲದಿದ್ದ ಅದು 1986ರಲ್ಲಿ ಸ್ಥಳೀಯರ ನೆರವಿನಿಂದ ರೆಡ್ಡಿಪಲ್ಲಿ ಬಳಿ ಮತ್ತೆ ಸಿಕ್ಕಿತು. ಆಮೇಲೆ ಮತ್ತೊಮ್ಮೆ ಮರೆಯಾಗಿ, 2025ರ ಆಗಸ್ಟ್‌ನಲ್ಲಿ ಅದರ ಕೂಗು ಧ್ವನಿಮುದ್ರಣಗೊಂಡಿತು. ಬಾತಿನ ವಿಷಯ ಹಾಗಲ್ಲ. ನೀರಿನ ಮೇಲೆ ಹಗಲಿನಲ್ಲಿ ಕಾಣಬೇಕಾದ ದೊಡ್ಡ ಹಕ್ಕಿ, ಬೇಟೆಗಾರರೂ ಪಕ್ಷಿವೀಕ್ಷಕರೂ ಸದಾ ತಿರುಗುವ ಸೀಮೆಯಲ್ಲಿ ಎಂಬತ್ತಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಖಚಿತವಾಗಿ ಬೀಳಲಿಲ್ಲವೆಂದರೆ, ನಾನಂತೂ ಹೆಚ್ಚು ಆಸೆ ಇಟ್ಟುಕೊಳ್ಳುವುದಿಲ್ಲ.

ಸಂಶಯವೆಂದರೆ ಹುಡುಕಾಟಕ್ಕೆ ಅಡ್ಡಗಾಲು ಎಂದು ಹಲವರು ಭಾವಿಸುತ್ತಾರೆ. ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯ ಕಥೆ ಇದಕ್ಕೆ ತದ್ವಿರುದ್ಧ. 1884ರ ನಂತರದ್ದೆಂದು ಹೇಳಲಾದ ಅದರ ಒಂದೇ ಒಂದು ಮಾದರಿ ವಸ್ತುಸಂಗ್ರಹಾಲಯದಲ್ಲಿತ್ತು. ಬ್ರಿಟಿಷ್ ಸೇನಾಧಿಕಾರಿ ರಿಚರ್ಡ್ ಮೈನರ್ಟ್ಸ್‌ಹೇಗನ್ ತಾನು 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ಸಂಗ್ರಹಿಸಿದ್ದೆಂದು ಅದಕ್ಕೆ ಚೀಟಿ ಅಂಟಿಸಿದ್ದ. ಆ ಚೀಟಿಯನ್ನು ನಂಬಿದವರು ತಪ್ಪು ಜಾಗದಲ್ಲಿ ಹುಡುಕುವಂತಾಗಿತ್ತು. ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಆ ಮಾದರಿಯ ಚರ್ಮವನ್ನು ಸಿದ್ಧಪಡಿಸಿದ ರೀತಿಯನ್ನು ಪರೀಕ್ಷಿಸಿ, ಅದು ಜೇಮ್ಸ್ ಡೇವಿಡ್ಸನ್ ಎಂಬವರು ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಹಿಸಿದ ಮಾದರಿಯನ್ನು ಕದ್ದು ಹೊಸ ಚೀಟಿ ಹಚ್ಚಿದ್ದೆಂದು ಕಂಡುಹಿಡಿದರು. ಸುಳ್ಳು ವಿಳಾಸವನ್ನು ಬದಿಗಿಟ್ಟು, ನಿಜವಾದ ಮಾದರಿಗಳು ಬಂದ ಊರುಗಳ ಜಾಡು ಹಿಡಿದು ಹೊರಟ ಅವರ ತಂಡಕ್ಕೆ 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆ ಹಾಡಹಗಲೇ ಕಂಡಿತು. ಇಲ್ಲಿ ದಾರಿ ತೋರಿಸಿದ್ದು ಅಪನಂಬಿಕೆಯೇ.

ಅಮೆರಿಕದ ಐವರಿ ಬಿಲ್ಡ್ ಮರಕುಟಿಗದ ವಿಷಯದಲ್ಲಿ ಹೀಗಾಗಲಿಲ್ಲ. 2004ರಲ್ಲಿ ಅರ್ಕಾನ್ಸಾದಲ್ಲಿ ತೆಗೆದ ಕೆಲವೇ ಕ್ಷಣಗಳ ಮಸುಕು ವಿಡಿಯೊವನ್ನು ಆಧರಿಸಿ 2005ರಲ್ಲಿ ಹಕ್ಕಿ ಬದುಕಿದೆಯೆಂದು ಪ್ರಕಟವಾಯಿತು. ಮರುವರ್ಷವೇ ಬೇರೆ ತಜ್ಞರು ಅದೇ ದೃಶ್ಯದಲ್ಲಿ ಸಾಮಾನ್ಯವಾದ ಪೈಲಿಯೇಟೆಡ್ ಮರಕುಟಿಗವನ್ನು ಕಂಡರು. ಎರಡೂ ಕಡೆಯವರು ನುರಿತವರೇ. ಎಲ್ಲರೂ ಒಪ್ಪುವಂಥ ಒಂದು ಸ್ಪಷ್ಟ ಫೋಟೊ ಮಾತ್ರ ಇಂದಿಗೂ ಬಂದಿಲ್ಲ. ಹುಡುಕಾಟದ ಬಗ್ಗೆ ನನ್ನ ತಕರಾರೂ ಇಷ್ಟೇ: ಎಲ್ಲಿ, ಎಷ್ಟು ದಿನ, ಯಾವ ಋತುವಿನಲ್ಲಿ ನೋಡಿಯೂ ಕಾಣಲಿಲ್ಲ ಎಂಬುದನ್ನು ಬರೆದಿಡದ ತಂಡ ಹತ್ತು ವರ್ಷ ಅಲೆದರೂ ನಮಗೆ ಏನನ್ನೂ ತಿಳಿಸಿದಂತಾಗುವುದಿಲ್ಲ.

ನಿಮ್ಮ ಸ್ನೇಹಿತರೊಂದಿಗೆ ವಾದಕ್ಕಿಳಿಯಬೇಡಿ. ಚಿತ್ರಗಳ ಪುಸ್ತಕವನ್ನು ತೆರೆಯುವ ಮುನ್ನವೇ, ನೆನಪಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಡಲು ಹೇಳಿ: ಕೊಕ್ಕಿನ ಬಣ್ಣ, ಎದೆ, ಪಕ್ಕೆ, ಸೂರ್ಯ ಯಾವ ಕಡೆಗಿದ್ದ, ಹಕ್ಕಿ ಎಷ್ಟು ದೂರದಲ್ಲಿತ್ತು. ಪಕ್ಕೆ ಬಿಳಿಯಾಗಿತ್ತು ಎಂದು ಅವರೇ ಬರೆದರೆ, ಹೊಸಕೋಟೆಯ ಮಟ್ಟಿಗೆ ಈ ಪ್ರಶ್ನೆ ಅಲ್ಲಿಗೇ ಮುಗಿಯಿತು.